ಮನೆಯ ವ್ಯಾಯಾಮ: ಅಬ್ಬರ ಇಳಿಯದಿದ್ದರೆ ಅಪಾಯ ಏರುತ್ತದೆ

ವಾರಗಟ್ಟಲೆ ಮೈ ಬಗ್ಗಿಸದೆ ಕುಳಿತವರು ಒಂದು ದಿನ ದಿಢೀರನೆ ಎದ್ದು ಭಾರಿ ಶ್ರಮ ಮಾಡಿದರೆ, ಅದರ ಹಿಂದೆಯೇ ಬರುವ ಒಂದು ಗಂಟೆಯಲ್ಲಿ ಅವರಿಗೆ ಹೃದಯಾಘಾತವಾಗುವ ಸಾಧ್ಯತೆ ಸುಮ್ಮನಿದ್ದ ಹೊತ್ತಿಗಿಂತ ನೂರು ಪಟ್ಟು ಹೆಚ್ಚಿರುತ್ತದೆ. ಅಮೆರಿಕದ ಸಂಶೋಧಕರು ಹೃದಯಾಘಾತದಿಂದ ಬದುಕುಳಿದ 1,228 ಮಂದಿಯನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಲೆಕ್ಕವಿದು. ವಾರಕ್ಕೊಮ್ಮೆಯೂ ಕಠಿಣ ಶ್ರಮ ಮಾಡದವರಲ್ಲಿ ಅಪಾಯ 107 ಪಟ್ಟು ಏರಿತ್ತು. ವಾರಕ್ಕೆ ಐದು ಸಲ ಅಥವಾ ಅದಕ್ಕೂ ಹೆಚ್ಚು ಮಾಡುವವರಲ್ಲಿ ಏರಿದ್ದು 2.4 ಪಟ್ಟು ಮಾತ್ರ. ಶ್ರಮಕ್ಕೆ ಒಗ್ಗಿದ ಮೈಗೂ ಒಗ್ಗದ ಮೈಗೂ ಇರುವ ಅಂತರ ಅಷ್ಟು ದೊಡ್ಡದು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ ಈ ಲೆಕ್ಕವನ್ನು ಈಗ ಗಂಭೀರವಾಗಿ ತೆಗೆದುಕೊಳ್ಳಬೇಕಾಗಿದೆ. ಹಿಂದಿನ ತಲೆಮಾರಿಗೆ ಗದ್ದೆ ನೆಟ್ಟಿ, ಬಲೆ ಎಳೆಯುವುದು, ಹಂಚಿನ ಕಾರ್ಖಾನೆಯ ದುಡಿಮೆ ಎಂದು ವರ್ಷವಿಡೀ ಮೈಗೆ ಕೆಲಸವಿತ್ತು. ಇಂದು ಹೆಚ್ಚಿನವರ ದುಡಿಮೆ ಕುರ್ಚಿಯ ಮೇಲೆ, ಓಡಾಟ ಬೈಕಿನ ಮೇಲೆ. ದೇಶದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲವೆಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. 2020ರ ಲಾಕ್‌ಡೌನ್‌ನಲ್ಲಿ ಜಿಮ್‌ಗಳು ಮುಚ್ಚಿದಾಗ ಮೊಬೈಲ್ ನೋಡಿ ವ್ಯಾಯಾಮ ಮಾಡುವ ರೂಢಿ ಮನೆ ಹೊಕ್ಕಿತು. ರೂಢಿ ಒಳ್ಳೆಯದೇ. ಕೆಡುಕಿರುವುದು ‘ಮೂವತ್ತು ದಿನದಲ್ಲಿ ಹೊಟ್ಟೆ ಕರಗಿಸಿ’ ಎಂಬ ಚಾಲೆಂಜುಗಳಲ್ಲಿ. ಮೊದಲ ದಿನವೇ ನೂರು ಬಸ್ಕಿ, ಐವತ್ತು ಬರ್ಪಿ, ವಾರಕ್ಕೆ ಆರು ದಿನ, ಬಿಡುವೇ ಇಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ವ್ಯಾಯಾಮವೇ ಬೇಡವೆಂದು ಹೆದರಿದವರು ಬಹಳ. ಒಂದು ಸಾವಿನಿಂದ ತೀರ್ಮಾನಕ್ಕೆ ಬರಲಾಗದು, ಅದಕ್ಕೆ ದೊಡ್ಡ ಅಧ್ಯಯನ ಬೇಕು. ಅಂಥದ್ದೊಂದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿತು. ಕಾರಣ ತಿಳಿಯದೆ ಹಠಾತ್ತನೆ ಸತ್ತ 18ರಿಂದ 45 ವರ್ಷದ 729 ಮಂದಿಯ ವಿವರವನ್ನು, ಅದೇ ವಯಸ್ಸಿನ, ಅದೇ ನೆರೆಹೊರೆಯ ಬದುಕಿರುವವರ ವಿವರದೊಂದಿಗೆ ಹೋಲಿಸಲಾಯಿತು. ಸತ್ತವರಲ್ಲಿ ಹೆಚ್ಚಾಗಿ ಕಂಡ ಅಂಶಗಳು ಇವು: ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಮಾದಕ ವಸ್ತು, ಸಾವಿಗೆ ಮೊದಲಿನ 48 ಗಂಟೆಯಲ್ಲಿ ಅತಿಯಾದ ಕುಡಿತ ಮತ್ತು ಅದೇ 48 ಗಂಟೆಯಲ್ಲಿ ಮಾಡಿದ ತೀವ್ರ ದೈಹಿಕ ಶ್ರಮ. ಇದರ ಜೊತೆಗೆ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ, 53ರ ಆಸುಪಾಸಿನಲ್ಲಿ ಬರುತ್ತದೆಂದು 2007ರಲ್ಲೇ ತಿಳಿದಿದೆ. ನಲವತ್ತು ದಾಟಿದವರು ‘ನನಗಿನ್ನೂ ವಯಸ್ಸಾಗಿಲ್ಲ’ ಎಂದುಕೊಳ್ಳುವಂತಿಲ್ಲ.

ಎರಡನೆಯ ಅಪಾಯ ನಮ್ಮ ಕರಾವಳಿಯ ಹವೆಯದು. ಏಪ್ರಿಲ್ ತಿಂಗಳ ಸಂಜೆ ಐದೂವರೆಗೆ ಶೀಟ್ ಹಾಕಿದ ಟೆರೇಸಿನಲ್ಲಿ ವ್ಯಾಯಾಮಕ್ಕೆ ನಿಂತವರನ್ನು ನೋಡಿ. ಹಗಲಿಡೀ ಕಾದ ತಗಡು ಮೇಲಿಂದ ಕಾವು ಉಗುಳುತ್ತಿರುತ್ತದೆ, ಕೆಳಗೆ ಸಿಮೆಂಟು ನೆಲ ಬಿಸಿ. ಹತ್ತು ನಿಮಿಷಕ್ಕೆ ಬನಿಯನ್ ಹಿಂಡುವಷ್ಟು ಬೆವರು. ಆದರೆ ಮೈಯನ್ನು ತಣ್ಣಗಾಗಿಸುವುದು ಸುರಿದ ಬೆವರಲ್ಲ, ಆರಿದ ಬೆವರು. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ. ಮೈಯ ಒಳಗಿನ ಬಿಸಿ ಏರುತ್ತಲೇ ಹೋಗುತ್ತದೆ, ರಕ್ತದ ನೀರಿನಂಶ ಇಳಿಯುತ್ತದೆ, ಹೃದಯ ಇನ್ನಷ್ಟು ವೇಗವಾಗಿ ಬಡಿಯಬೇಕಾಗುತ್ತದೆ. ಬಿಸಿಗಾಳಿಯ ಎಚ್ಚರಿಕೆಗೆ ಹವಾಮಾನ ಇಲಾಖೆ ಬಯಲು ಪ್ರದೇಶಕ್ಕೆ ಕನಿಷ್ಠ 40 ಡಿಗ್ರಿಯ ಮಿತಿ ಇಟ್ಟಿದೆ, ಕರಾವಳಿಗೆ 37 ಡಿಗ್ರಿ. ಬೆಂಗಳೂರಿನ ಎ.ಸಿ. ಕೋಣೆಯಲ್ಲಿ ಚಿತ್ರೀಕರಿಸಿದ ವ್ಯಾಯಾಮವನ್ನು ಗಂಗೊಳ್ಳಿಯ ಸೆಕೆಯಲ್ಲಿ ಅದೇ ಲೆಕ್ಕಕ್ಕೆ ಮಾಡಬಾರದು. ದೇಹ ಹೊಸ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು.

ಈ ಸೆಕೆ ಮತ್ತು ಅತಿಶ್ರಮ ಸೇರಿದಲ್ಲಿ ಮೂರನೆಯ ಅಪಾಯವಿದೆ. ಅಭ್ಯಾಸವಿಲ್ಲದ ಸ್ನಾಯುವಿನ ಮೇಲೆ ಒಮ್ಮೆಲೇ ಹೊರೆ ಬಿದ್ದರೆ ಅದರ ಕೋಶಗಳು ಒಡೆದು, ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಹೆಚ್ಚಾದರೆ ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕಟ್ಟಿಬಿಡುತ್ತದೆ. ವೈದ್ಯರು ಇದನ್ನು ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಕಟ್ಟಡಗಳ ಅವಶೇಷದಡಿ ಸಿಕ್ಕಿಬಿದ್ದವರ ಮೂತ್ರಪಿಂಡ ಕೈಕೊಟ್ಟದ್ದನ್ನು 1941ರಲ್ಲಿ ವೈದ್ಯರು ದಾಖಲಿಸಿದ್ದರು. ಇಂದು ಅದೇ ತೊಂದರೆ ಅತಿ ವ್ಯಾಯಾಮ ಮಾಡಿದವರಲ್ಲೂ ಕಾಣುತ್ತಿದೆ. ಸಾಮಾನ್ಯ ಮೈಕೈ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ತೊಡೆ, ತೋಳು ಬಾತು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಸಾಮಾನ್ಯ ನೋವಲ್ಲ. ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮರುದಿನದ ಚಾಲೆಂಜ್ ಮುಂದುವರಿಸುವುದಂತೂ ದೊಡ್ಡ ತಪ್ಪು. ಮೈಯಲ್ಲಿ ನೀರು ಕಡಿಮೆಯಿರುವಾಗ ಅಂಥ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡುತ್ತವೆ.

‘ಕಡಿಮೆ ಮಾಡಿದರೆ ಗಳಿಸಿದ್ದೆಲ್ಲ ಹೋಗುತ್ತದಲ್ಲ’ ಎಂಬುದು ಹಲವರ ಅಂಜಿಕೆ. ಪುರಾವೆ ಹಾಗೆ ಹೇಳುವುದಿಲ್ಲ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 70 ಮಂದಿ ವಾರಕ್ಕೆ ಮೂರು ದಿನದಂತೆ 16 ವಾರ ಭಾರ ಎತ್ತಿದರು. ಅನಂತರ 32 ವಾರ ಕೆಲವರ ಅಭ್ಯಾಸವನ್ನು ಒಂಬತ್ತನೇ ಒಂದು ಪಾಲಿಗೆ ಇಳಿಸಲಾಯಿತು. 20ರಿಂದ 35 ವರ್ಷದವರ ಶಕ್ತಿಯೂ ಸ್ನಾಯುವೂ ಅಷ್ಟರಲ್ಲೇ ಉಳಿದವು. ಅರವತ್ತು ದಾಟಿದವರಿಗೆ ಸ್ನಾಯುವಿನ ಗಾತ್ರ ಉಳಿಸಲು ಮಾತ್ರ ಅದು ಸಾಲಲಿಲ್ಲ. ದಮ್ಮಿನ ವಿಷಯದಲ್ಲೂ ಹಾಗೆಯೇ. ವಾರಕ್ಕೆ ಆರು ದಿನದ ಅಭ್ಯಾಸವನ್ನು ಎರಡು ದಿನಕ್ಕೆ ಇಳಿಸಿದವರು, ಆ ಎರಡು ದಿನದ ಬಿರುಸನ್ನು ಹಾಗೆಯೇ ಇಟ್ಟುಕೊಂಡು 15 ವಾರ ತಮ್ಮ ಸಾಮರ್ಥ್ಯ ಕಾಪಾಡಿಕೊಂಡದ್ದು 1981ರಲ್ಲೇ ವರದಿಯಾಗಿತ್ತು. ಗಳಿಸುವುದಕ್ಕೆ ಬೇಕಾದ ಶ್ರಮ ಉಳಿಸಿಕೊಳ್ಳುವುದಕ್ಕೆ ಬೇಡ.

ನಮ್ಮೂರಿನವರೇ ಆದ ಗುರುರಾಜ ಪೂಜಾರಿಯವರನ್ನು ನೋಡಿ. ಕುಂದಾಪುರದ ವಂಡ್ಸೆ ಕಡೆಯ ಈ ವೇಟ್‌ಲಿಫ್ಟರ್ 2018ರ ಗೋಲ್ಡ್‌ಕೋಸ್ಟ್ ಕಾಮನ್ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ಪಡೆದರು. ತರಬೇತುದಾರರ ಕಣ್ಣೆದುರು ದಿನವೂ ಅಭ್ಯಾಸ ಮಾಡುವ, ಮೇಲಿನ ತೂಕದ ವಿಭಾಗಕ್ಕೆ ಹೋದ ಆಟಗಾರನಿಗೆ ನಾಲ್ಕು ವರ್ಷದಲ್ಲಿ ಏರಿದ್ದು 20 ಕೆ.ಜಿ. ಹೊಸಬರ ಮೈ ಒಂದೇ ತಿಂಗಳಲ್ಲಿ ಬದಲಾಗಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ನಿಧಾನ. ಶುರು ಮಾಡಿ ತಿಂಗಳಾಗುವಷ್ಟರಲ್ಲಿ ಮಂಡಿ, ಹಿಮ್ಮಡಿ, ಭುಜ ನೋಯತೊಡಗುವುದಕ್ಕೆ ಒಂದು ಕಾರಣ ಅದು.

ಹಾಗಾದರೆ ಎಷ್ಟು ಸಾಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ಅಂದರೆ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ, ಎರಡು ದಿನ ಇಪ್ಪತ್ತು ನಿಮಿಷ ಬಸ್ಕಿ, ದಂಡ, ತೂಕ. ಮಧ್ಯಮ ಎಂದರೆ ಎಷ್ಟೆಂದು ತಿಳಿಯಲು ಯಂತ್ರ ಬೇಡ: ಮಾತಾಡಲು ಬರಬೇಕು, ಪದ್ಯ ಹೇಳಲು ಬರಬಾರದು. ಹೊಸಬರು ಇದರ ಅರ್ಧದಿಂದ ತೊಡಗಿ ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಲಿ. ತಿಂಗಳುಗಟ್ಟಲೆ ಆರು ದಿನ ಬೆವರು ಹರಿಸಿ ಬಸವಳಿದವರು ಮೂರು ದಿನಕ್ಕೆ ಇಳಿಸಿ, ಸೆಟ್‌ಗಳನ್ನೂ ಕಡಿತ ಮಾಡಲಿ. ಮಾರ್ಚಿನಿಂದ ಮೇ ತನಕ ಬಿಸಿಲೇರುವ ಮೊದಲೇ ಮುಗಿಸಿ, ಮಳೆಗಾಲದಲ್ಲಿ ಚಾವಡಿಯಲ್ಲೋ ಜಗಲಿಯಲ್ಲೋ ಮುಂದುವರಿಸಿ. ಜೂನ್‌ನಲ್ಲಿ ಪೂರ್ತಿ ಬಿಟ್ಟು ಅಕ್ಟೋಬರಿನಲ್ಲಿ ಮತ್ತೆ ಅಬ್ಬರದಿಂದ ಶುರು ಮಾಡಿದರೆ, ಮೈ ಮತ್ತೆ ಆ ಒಗ್ಗದವರ ಗುಂಪಿಗೇ ಸೇರುತ್ತದೆ.

ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ ಇದ್ದವರು, ಮನೆಯಲ್ಲಿ ಹಠಾತ್ ಸಾವು ಕಂಡವರು, ನಲವತ್ತು ದಾಟಿ ಹೊಸತಾಗಿ ಶುರು ಮಾಡುವವರು ಮೊದಲು ವೈದ್ಯರನ್ನು ಕಾಣಲಿ. ವ್ಯಾಯಾಮದ ನಡುವೆ ಎದೆ ಬಿಗಿತ, ತಣ್ಣನೆಯ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಕಣ್ಣು ಕತ್ತಲೆ ಬಂದರೆ ‘ಗ್ಯಾಸ್ಟ್ರಿಕ್’ ಎಂದು ಕಾಯಬೇಡಿ. ಬೈಂದೂರಿನಿಂದ ಮಣಿಪಾಲಕ್ಕೆ ಹತ್ತಿರ ಹತ್ತಿರ 70 ಕಿ.ಮೀ. ಇದೆ. ತಕ್ಷಣ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲೇ ಮೊದಲ ಇಸಿಜಿ ಮಾಡಿಸಿ. ವ್ಯಾಯಾಮವನ್ನು ಬಿಡಬೇಡಿ, ಅದರ ಅಬ್ಬರವನ್ನು ಬಿಡಿ. ಈ ತಿಂಗಳು ಎಷ್ಟು ಮಾಡುತ್ತೀರೋ ಅಷ್ಟನ್ನೇ ಹತ್ತು ವರ್ಷದ ಮೇಲೂ ಮಾಡಬಲ್ಲಿರಾದರೆ, ನಿಮಗೆ ಬೇಕಾದ ಪ್ರಮಾಣ ಅದೇ.