ಬೇರ್ಪಡಿಸಿದ ಕಸ ಬೇರೆಯಾಗಿಯೇ ಉಳಿಯಲಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಕಸದ ಚಿಂತೆ ಮಹಾನಗರಗಳಿಗಷ್ಟೇ ಎಂದು ಇಂಥ ಊರುಗಳು ಸುಮ್ಮನಿರುವಂತಿಲ್ಲ. ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮನೆಯಲ್ಲೇ ಮೂರು ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಪಟ್ಟಣಗಳಿಗೂ ಹೇಳಿದವು. ಈ ಮಾತಿಗೆ ಬೇಡ ಅನ್ನುವವರು ಅಪರೂಪ. ಹಾಗೆಂದು ಮಾಡುವವರು ಬಹಳ ಮಂದಿ ಇದ್ದಾರೆಯೇ?

ಉಳಿದ ಅನ್ನ, ತರಕಾರಿ ಸಿಪ್ಪೆ ತುಂಬಿ ಗಂಟು ಹಾಕಿದ ಕ್ಯಾರಿಬ್ಯಾಗನ್ನೇ ನೋಡಿ. ಒಳಗಿನ ಆಮ್ಲಜನಕ ಬೇಗ ಮುಗಿಯುತ್ತದೆ. ಆಮೇಲೆ ಗಾಳಿ ಬೇಡದ ಬ್ಯಾಕ್ಟೀರಿಯಾಗಳದ್ದೇ ಕಾರುಬಾರು. ಕೊಳೆತ ಮೊಟ್ಟೆಯ ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದು ಹೀಗೆ. ಇಂಥ ಕಸ ರಾಶಿಯಾಗಿ ಬಿದ್ದಲ್ಲಿ ಮೀಥೇನ್ ಏಳುತ್ತದೆ, ಕಪ್ಪು ರಸ ನೆಲಕ್ಕಿಳಿಯುತ್ತದೆ. ವಾಸನೆ ಹಿಡಿದು ಬಂದ ದನ ಚೀಲದ ಸಮೇತ ನುಂಗಿದರೆ ಪ್ಲಾಸ್ಟಿಕ್ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ.

ಅದೇ ಹಸಿ ಕಸಕ್ಕೆ ಗಾಳಿ ಸಿಕ್ಕರೆ ಕಥೆಯೇ ಬೇರೆ. ಒಳ್ಳೆಯ ಗೊಬ್ಬರಕ್ಕೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆಯ ಕಸದಲ್ಲಿ ಸಾರಜನಕ ಹೆಚ್ಚು, ಒಣಗಿದ ಗೋವಿನಜೋಳದ ದಂಟಿನಲ್ಲಿ ಇಂಗಾಲ ಹೆಚ್ಚು. ಗೋವಿನಜೋಳ ಬೆಳೆಯುವ ಈ ಸೀಮೆಯಲ್ಲಿ ದಂಟಿಗೇನು ಬರ? ಎರಡನ್ನೂ ಬೆರೆಸಿ, ತೇವ ನೋಡಿಕೊಂಡು ತಿರುವಿ ಹಾಕಿದರೆ ರಾಶಿ ಕೆಲವೇ ದಿನಗಳಲ್ಲಿ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿಗೆ ರೋಗಾಣುಗಳೂ ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ. ಆದರೆ ಗೊಬ್ಬರದಲ್ಲಿ ಬ್ಲೇಡೋ ಗಾಜಿನ ಚೂರೋ ಸಿಕ್ಕರೆ ರೈತ ಎರಡನೇ ಸಲ ಆ ಕಡೆ ತಲೆ ಹಾಕುವುದಿಲ್ಲ.

ಹಾಗಾದರೆ ಒಪ್ಪಿದ ಜನ ಮಾಡುವುದೇಕಿಲ್ಲ? ಬೇರೆ ಮಾಡಿ ಕೊಟ್ಟದ್ದನ್ನು ಗಾಡಿಯಲ್ಲಿ ಒಂದೇ ಕಡೆ ಸುರಿದದ್ದು ಕಣ್ಣಿಗೆ ಬಿದ್ದರೆ ಸಾಕು, ಮರುದಿನದಿಂದ ಆ ಮನೆಯಲ್ಲಿ ಎರಡನೇ ಬಕೆಟ್ ಮೂಲೆ ಸೇರುತ್ತದೆ. ನೆರೆಹೊರೆಯ ನಡತೆಯೂ ದೊಡ್ಡ ಕಾರಣ. ಕ್ಯಾಲಿಫೋರ್ನಿಯಾದ ಲಾ ವರ್ನ್ ಎಂಬ ಊರಿನಲ್ಲಿ ಮನೋವಿಜ್ಞಾನಿ ವೆಸ್ಲಿ ಶುಲ್ಟ್ಸ್ ನಡೆಸಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು. ನಿಮ್ಮ ಓಣಿಯಲ್ಲಿ ಈ ವಾರ ಎಷ್ಟು ಮನೆಯವರು ಮರುಬಳಕೆಯ ಕಸ ಕೊಟ್ಟರು ಎಂಬ ಚೀಟಿಯನ್ನು ಬಾಗಿಲಿಗೆ ತೂಗುಹಾಕಿದಾಗ ಕೊಡುವವರು ಹೆಚ್ಚಾದರು. ಬರೀ ತಿಳಿವಳಿಕೆಯ ಚೀಟಿ ಅಷ್ಟು ಕೆಲಸ ಮಾಡಲಿಲ್ಲ.

ನಮ್ಮ ಊರುಗಳಲ್ಲಿ ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಗಾಡಿಯಲ್ಲಿ ಎರಡು ಅಂಕಣ, ಓಣಿಯ ಲೆಕ್ಕ ಬರೆಯಲು ಒಂದು ಹಲಗೆ ಇದ್ದರೆ ಆರಂಭಕ್ಕೆ ಸಾಕು. ಬಕೆಟ್ ಎರಡು ಮಾಡುವುದು ಮನೆಯವರ ಕೆಲಸ. ಅದನ್ನು ಕೊನೆಯವರೆಗೂ ಎರಡಾಗಿಯೇ ಒಯ್ಯುವುದು ಸ್ಥಳೀಯ ಸಂಸ್ಥೆಯ ಹೊಣೆ. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಇದನ್ನು ಕೇಳಲು ಮರೆಯಬೇಡಿ.