ಕೋಡ್ ಬರೆಯುವಾಗ ಕಿವಿಗೆ ಯಾವ ಸಂಗೀತ?

ಪ್ರೋಗ್ರಾಂ ಬರೆಯುವವರು ವೇರಿಯಬಲ್‌ಗಳನ್ನು, ಅಂದರೆ ಮೌಲ್ಯಗಳನ್ನು ಹಿಡಿದಿಡುವ ಹೆಸರುಗಳನ್ನು, ಮನಸ್ಸಿನೊಳಗೇ ಉಚ್ಚರಿಸಿಕೊಳ್ಳುತ್ತ ಕೆಲಸ ಮಾಡುವುದುಂಟಾದ್ದರಿಂದ, ಹಿನ್ನೆಲೆ ಸಂಗೀತವನ್ನು ಆರಿಸುವಾಗ ಮೊದಲು ನೋಡಬೇಕಾದುದು ಅದರಲ್ಲಿ ಮಾತಿದೆಯೇ ಎಂಬುದನ್ನು. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಮಂಡಿಸಿದ ಕಾರ್ಯಸ್ಮೃತಿಯ ಮಾದರಿ, ಎಂದರೆ ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟನ್ನು ಕ್ಷಣಕಾಲ ಹಿಡಿದಿಡುವ ನೆನಪಿನ ಚಿತ್ರಣ, ಈ ಒಳಮಾತಿಗೆ ಪ್ರತ್ಯೇಕ ಅಂಗವೊಂದನ್ನು ಕಲ್ಪಿಸಿತು. ಕೇಳಬಾರದೆಂದುಕೊಂಡರೂ ಹೊರಗಿನ ಮಾತು ಅದರೊಳಗೆ ನುಸುಳುತ್ತದೆಂದು ಬ್ಯಾಡ್ಲಿ ಮುಂದೆ ವಾದಿಸಿದರು.

ಭಾಷೆ ತಿಳಿಯದ ಹಾಡಾದರೆ ತೊಂದರೆಯಿಲ್ಲವೆಂಬ ನಂಬಿಕೆ ಹಿತವಾದದ್ದೇ, ಆದರೆ ಪೂರ್ತಿ ಸರಿಯಲ್ಲ: ಕೋಲ್ ಮತ್ತು ವೆಲ್ಶ್ 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೇಳುವವರಿಗೆ ಅರ್ಥವಾಗದ ಜರ್ಮನ್ ವಾಚನವೂ ಅಕ್ಷರಗಳ ಸಾಲನ್ನು ನೆನಪಿಡಲು ಅಡ್ಡಿಯಾಯಿತು. ವಾದ್ಯಸಂಗೀತದ ಅಡ್ಡಿ ಗಾಯನದ್ದಕ್ಕಿಂತ ಕಡಿಮೆಯೆಂದು 1989ರಲ್ಲಿ ಸಲಾಮೆ ಮತ್ತು ಬ್ಯಾಡ್ಲಿ ತೋರಿಸಿದರು.

ಬ್ರಯಾನ್ ಈನೊ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ರಚಿಸಿದ ‘ಆ್ಯಂಬಿಯೆಂಟ್’ ಸಂಗೀತ, ಅಂದರೆ ಗಮನಿಸಿದರೆ ರುಚಿಸುವ, ಗಮನಿಸದಿದ್ದರೆ ಕಾಡದ ಬಗೆಯದು, ಇಲ್ಲಿ ಚೆನ್ನಾಗಿ ಹೊಂದುತ್ತದೆ. ವೀಣೆಯ ನಿಧಾನಗತಿಯ ಆಲಾಪನೆಯೂ ಹೊಂದೀತು. ತನಿ ಆವರ್ತನಕ್ಕೆ, ಅಂದರೆ ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗಕ್ಕೆ, ಮಾತಿಲ್ಲದಿದ್ದರೂ, ತಾಳ ಬಲ್ಲವರ ಬೆರಳುಗಳು ಕೀಲಿಮಣೆಯನ್ನು ಬಿಟ್ಟು ತೊಡೆಯ ಮೇಲೆ ಲೆಕ್ಕ ಹಾಕತೊಡಗುತ್ತವೆ.