ಮೊಳಕಾಲ್ಮೂರಿನ ಬಂಡೆ ಮೇಲೆ ಬಲದಿಂದ ಎಡಕ್ಕೆ ಬರೆದ ಐದು ಅಕ್ಷರ: ಅರಾಮಿಕ್ ಭಾಷೆಯ ಕತೆ

ಇವತ್ತಿನ ವಿಷಯ ಅರಾಮಿಕ್ ಭಾಷೆ. ಯೇಸು ಮಾತಾಡ್ತಿದ್ದ ಭಾಷೆ ಅಂತ ಎಲ್ಲೋ ಓದಿರ್ತೀರ, ರೀಲ್ಸ್‌ನಲ್ಲಿ ನೋಡಿರ್ತೀರ. ಅದಕ್ಕೂ ನಮ್ಮ ಈ ಬಯಲುಸೀಮೆಗೂ ಏನಪ್ಪ ಸಂಬಂಧ ಅಂತ ಕೇಳ್ಬಹುದು. ಸಂಬಂಧ ಇದೆ. ಬೈಕ್‌ನಲ್ಲಿ ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬರೋಷ್ಟು ದೂರದಲ್ಲೇ ಇದೆ.

ಪಾವಗಡದಿಂದ ಕಲ್ಯಾಣದುರ್ಗ, ರಾಯದುರ್ಗ ದಾಟಿದ್ರೆ ಮೊಳಕಾಲ್ಮೂರು. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನ ಹೊರಜಗತ್ತಿಗೆ ತಿಳಿಸಿದ್ರು. ಊರೋರಿಗೆ ಮೊದಲೇ ಗೊತ್ತಿತ್ತು. ಓದೋಕೆ ಬರದೇ ಇದ್ರೂ ಬ್ರಹ್ಮಗಿರಿಯ ಬಂಡೆಗೆ ‘ಅಕ್ಷರ ಗುಂಡು’ ಅಂತ ಹೆಸರಿಟ್ಟಿದ್ರು.

ಶಾಸನ ಇರೋದು ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ. ಸುವರ್ಣಗಿರಿಯಿಂದ ರಾಜಕುಮಾರ, ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ಈಗಿನ ಲೆಕ್ಕದಲ್ಲಿ ಒಂದು ಸರ್ಕ್ಯುಲರ್. ಮೇಲಿನವರ ಕ್ಷೇಮ ವಿಚಾರಣೆ, ಆಮೇಲೆ ವಿಷಯ, ಕೊನೆಗೆ ಬರೆದವನ ಹೆಸರು. ಬರೆದವನು ಚಪಡ. ಅವನ ಹೆಸರು, ಬರೆದ ಅನ್ನೋ ಪದ, ಎರಡೂ ಬ್ರಾಹ್ಮಿಯಲ್ಲೇ ಇವೆ, ಎಡದಿಂದ ಬಲಕ್ಕೆ. ಆದ್ರೆ ಅವನ ಕೆಲಸ ಏನು ಅಂತ ಹೇಳೋ ಕೊನೇ ಪದ ಬಂದಾಗ ಲಿಪಿನೇ ಬದಲಾಗುತ್ತೆ. ‘ಲಿಪಿಕರೇಣ’, ಅಂದ್ರೆ ಲಿಪಿಕಾರನಿಂದ. ಲಿ, ಪಿ, ಕ, ರೇ, ಣ. ಈ ಐದು ಅಕ್ಷರ ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ.

ಖರೋಷ್ಠಿ ನಮ್ಮ ಕಡೆ ಲಿಪಿ ಅಲ್ಲ. ಅದು ಗಾಂಧಾರದ್ದು, ಅಂದ್ರೆ ಈಗಿನ ಪಾಕಿಸ್ತಾನದ ವಾಯವ್ಯ ಭಾಗ ಮತ್ತು ಪೂರ್ವ ಅಫ್ಘಾನಿಸ್ತಾನ. ಅದು ಹುಟ್ಟಿದ್ದು ಅರಾಮಿಕ್ ಲಿಪಿಯಿಂದ. ಹಾಗಾಗಿ ಚಪಡ ಆ ಕಡೆಯವನು, ಇಲ್ಲಾ ಆ ಕಡೆ ಕೆಲಸ ಕಲಿತವನು ಅಂತ ವಿದ್ವಾಂಸರು ಊಹಿಸ್ತಾರೆ. ಇಲ್ಲಿ ಯಾರಿಗೂ ಓದೋಕೆ ಬರದ ಅಕ್ಷರದಲ್ಲಿ ಅವನು ತನ್ನ ಹುದ್ದೆ ಯಾಕೆ ಬರೆದ? ನನಗೇನೋ ಅದು ಸ್ವಲ್ಪ ಸ್ಟೈಲ್ ಅನ್ಸುತ್ತೆ. ‘ನಂಗೆ ಎರಡೂ ಬರುತ್ತೆ’ ಅಂತ. ಬಯೋಡೇಟಾದಲ್ಲಿ ಒಂದು ಲೈನ್ ಎಕ್ಸ್ಟ್ರಾ ಹಾಕ್ತೀವಲ್ಲ, ಹಾಗೆ.

ಈ ಗುಮಾಸ್ತನಿಂದಲೇ ಶುರು ಮಾಡಿದ್ದಕ್ಕೆ ಕಾರಣ ಇದೆ. ಅರಾಮಿಕ್ ಬೆಳೆದಿದ್ದು ಪ್ರವಾದಿಗಳಿಂದ ಅಲ್ಲ, ಸೈನ್ಯದಿಂದಲೂ ಅಲ್ಲ. ಗುಮಾಸ್ತರಿಂದ.

ಅರಾಮಿಯನ್ನರು ಅಂದ್ರೆ ಈಗಿನ ಸಿರಿಯಾ ಕಡೆ ಇದ್ದ ಜನ. ಸುಮಾರು 3,000 ವರ್ಷದ ಹಿಂದೆ ಅವರದ್ದು ಸಣ್ಣ ಸಣ್ಣ ರಾಜ್ಯಗಳಿದ್ವು. ದೊಡ್ಡದು ಡಮಾಸ್ಕಸ್. ಕ್ರಿ.ಪೂ. 732ರಲ್ಲಿ ಅಸ್ಸೀರಿಯಾದ ದೊರೆ ಅದನ್ನೂ ಗೆದ್ದ, ಕತೆ ಮುಗೀತು. ಸೋತ ಜನರನ್ನ ಊರೂರಿಗೆ ಎತ್ತಂಗಡಿ ಮಾಡೋದು ಅಸ್ಸೀರಿಯನ್ನರ ಪದ್ಧತಿ. ಒಂದು ಕಡೆ ಇದ್ರೆ ತಾನೇ ದಂಗೆ ಏಳೋದು? ಆದ್ರೆ ಜನ ಹೋದ ಕಡೆಗೆಲ್ಲ ಅವರ ಮಾತೂ ಹೋಯ್ತು. ಜೊತೆಗೆ ಅವರ ಹತ್ರ ಇದ್ದದ್ದು 22 ಅಕ್ಷರದ, ಫಿನೀಷಿಯನ್ನರಿಂದ ಬಂದ ಸಲೀಸಾದ ಲಿಪಿ. ಗೆದ್ದವರದ್ದೋ ನೂರಾರು ಗುರುತುಗಳ ಬೆಣೆಲಿಪಿ, ಅದನ್ನ ಹಸಿ ಮಣ್ಣಿನ ಹಲಗೆ ಮೇಲೆ ಒತ್ತಬೇಕು. ಚರ್ಮದ ಮೇಲೆ ಮಸಿಯಲ್ಲಿ ಬೇಗ ಬರೆದು, ಸುತ್ತಿ ಕಂಕುಳಲ್ಲಿ ಇಟ್ಕೊಂಡು ಹೋಗೋ ಹಾಗಿದ್ರೆ ಆಫೀಸಿನವನು ಯಾವುದನ್ನ ಆರಿಸ್ಕೊಳ್ತಾನೆ ಹೇಳಿ. ಗೆದ್ದವರ ಕಚೇರಿಯಲ್ಲೇ ಸೋತವರ ಭಾಷೆ ಕೂತ್ಕೊಳ್ತು.

ಆಮೇಲೆ ಪರ್ಷಿಯನ್ನರು ಬಂದ್ರು. ಅವರ ಮಾತು ಬೇರೆ, ಆದ್ರೂ ಈಜಿಪ್ಟಿನಿಂದ ಗಾಂಧಾರದವರೆಗಿನ ಸಾಮ್ರಾಜ್ಯದ ಕಾಗದಪತ್ರ ನಡೆದಿದ್ದು ಅರಾಮಿಕ್‌ನಲ್ಲೇ. ನಾನು ಬಿ.ಕಾಂ. ಓದಿದವನು, ಹಳೇ ಪತ್ರ ಕಂಡ್ರೆ ಕೈ ಬಿಡಲ್ಲ, ಅದಕ್ಕೆ ಒಂದು ಉದಾಹರಣೆ ಹೇಳ್ತೀನಿ. ಈಜಿಪ್ಟಿನ ಅಸ್ವಾನ್ ಹತ್ರ ನೈಲ್ ನದಿ ಮಧ್ಯೆ ಎಲಿಫೆಂಟೈನ್ ಅಂತ ಒಂದು ದ್ವೀಪ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿ ಪರ್ಷಿಯನ್ ಸೇನೆಗೆ ಕೆಲಸ ಮಾಡ್ತಿದ್ದ ಯಹೂದಿ ಕುಟುಂಬಗಳಿದ್ವು. ಅವರ ಪತ್ರಗಳು ಪಪೈರಸ್ ಮೇಲೆ ಉಳಿದಿವೆ. ಸಾಲದ ಪತ್ರ, ಮದುವೆ ಕರಾರು, ಮನೆ ಪತ್ರ. ಮಹ್ಸೇಯ ಅನ್ನೋನು ಮಗಳು ಮಿಬ್ತಹ್ಯಾಗೆ ಮನೆ ಬರೆದುಕೊಟ್ಟ ಪತ್ರವೂ ಅದರಲ್ಲಿದೆ. ಈ ಮನೆ ಪತ್ರಗಳಲ್ಲಿ ನಾಲ್ಕೂ ದಿಕ್ಕಿಗೆ ಯಾರ ಮನೆ ಇದೆ ಅಂತ ಬರೀತಾರೆ. ಕೊನೆಗೆ ಬರೆದವನ ಹೆಸರು, ಸಾಕ್ಷಿಗಳ ರುಜು. ನಾವು ಚಕ್ಕುಬಂದಿ ಅಂತೀವಲ್ಲ, ಅದೇ! ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ಕೂತಿರೋ ಪತ್ರ ಬರೆಯೋರಿಗೆ ಇದನ್ನ ಅನುವಾದ ಮಾಡಿ ಕೊಟ್ರೆ, ‘ಸ್ಟಾಂಪ್ ಪೇಪರ್ ಎಲ್ಲಿ’ ಅಂತ ಮಾತ್ರ ಕೇಳ್ತಾರೆ.

ಇನ್ನೊಂದ್ಸಲ ನೋಡಿ. ಆ ಕುಟುಂಬದ ಹಿರಿಯರ ಭಾಷೆ ಹೀಬ್ರೂ. ಸುತ್ತಮುತ್ತ ಊರಿನ ಭಾಷೆ ಈಜಿಪ್ಷಿಯನ್. ರಾಜನ ಭಾಷೆ ಪರ್ಷಿಯನ್. ಪತ್ರ ಮಾತ್ರ ಅರಾಮಿಕ್.

ಇದು ನಮಗೆ ಹೊಸದಾ? ನಮ್ಮಜ್ಜಿ ಪಾವಗಡ ಕಡೆಯವರು. ಮನೆಮಾತು ತೆಲುಗು. ಪಹಣಿ ಕನ್ನಡದಲ್ಲಿ. ಬ್ಯಾಂಕಿಂದ ಮೊಬೈಲಿಗೆ ಬರೋ ಮೆಸೇಜ್ ಇಂಗ್ಲಿಷಲ್ಲಿ. ಒಂದ್ಸಲ ಒಂದು ಬ್ಯಾಂಕಲ್ಲಿ ಅವರ ಹೆಬ್ಬೆಟ್ಟು ಒತ್ತಿಸ್ಕೊಂಡು ಇನ್ಶೂರೆನ್ಸ್ ಒಂದನ್ನ ಮಾಡಿಸಿಬಿಟ್ಟಿದ್ರು. ವರ್ಷ ಕಳೆದು ದುಡ್ಡು ಕಟ್ ಆದಾಗಲೇ ಗೊತ್ತಾಗಿದ್ದು. ‘ಏನು ಬರ್ದಿದ್ರೋ ಯಾರಿಗೆ ಗೊತ್ತು ಮಗಾ, ಬರೆದೋನು ಒಳ್ಳೆಯವನಾಗಿದ್ರೆ ಸಾಕು ಅಂತ ಒತ್ತಿದೆ’ ಅಂದ್ರು. ಇಸಿಲದ ಜನಕ್ಕೂ ಪ್ರಾಕೃತ ಮನೆಮಾತಾಗಿರಲಿಲ್ಲ. ಆ ಊರಿನ ಹೆಸರೇ ಕನ್ನಡದ್ದು ಅಂತ ವಾದಿಸೋ ವಿದ್ವಾಂಸರಿದ್ದಾರೆ. ಅಂದ್ರೆ ಅವರೂ ಯಾರಾದ್ರೂ ಓದಿ ಹೇಳಲಿ ಅಂತ ಕಾದಿರಬೇಕು.

ಶಿರಾ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ. 1687ರಲ್ಲಿ ಮೊಘಲರು ಶಿರಾ ಹಿಡಿದು ಅದನ್ನ ಸುಬಾದ ಕೇಂದ್ರ ಮಾಡಿದ್ರು, ಆಡಳಿತಕ್ಕೆ ಪರ್ಷಿಯನ್. ಅಲ್ಲಿನ ರೈತರ ಮನೆಯಲ್ಲಿ ಪರ್ಷಿಯನ್ ಮಾತಾಡಿದ್ದು ಯಾರೂ ಕೇಳಿಲ್ಲ. ಆದ್ರೆ ಜಮೀನು, ಅರ್ಜಿ, ವಸೂಲಿ, ನಕಲು, ರಸೀದಿ, ವಾರಸುದಾರ, ತಹಶೀಲ್ದಾರ್, ಈ ಪದಗಳಿಲ್ಲದೆ ಇವತ್ತು ತಾಲ್ಲೂಕು ಆಫೀಸಲ್ಲಿ ಒಂದು ಕೆಲಸ ಮಾಡಿಸಿ ನೋಡೋಣ. ಇವೆಲ್ಲ ಪರ್ಷಿಯನ್ ಆಡಳಿತದ ಕಾಲದಲ್ಲಿ, ಪರ್ಷಿಯನ್–ಅರಬಿಯಿಂದ ನಮ್ಮ ಕಡೆ ಇಳಿದವು. ಕಚೇರಿ ಭಾಷೆ ಹೋಗುವಾಗ ಪೂರ್ತಿ ಹೋಗಲ್ಲ.

ಅದಕ್ಕಿಂತ ಹಳೇದು ಒಂದಿದೆ. ‘ಲಿಪಿ’ ಅನ್ನೋ ಪದ. ಅದು ಹಳೇ ಪರ್ಷಿಯನ್‌ನ ‘ದಿಪಿ’ಯಿಂದ ಬಂದದ್ದು ಅನ್ನೋದು ಬಹುತೇಕ ಭಾಷಾವಿಜ್ಞಾನಿಗಳ ಅಭಿಪ್ರಾಯ. ಗಾಂಧಾರದ ಶಹಬಾಜ್‌ಗಢಿಯಲ್ಲಿರೋ ಅಶೋಕನ ಖರೋಷ್ಠಿ ಶಾಸನದಲ್ಲಿ ‘ದಿಪಿ’ ಅಂತಲೇ ಇದೆ. ಆ ದಿಪಿಯ ಬೇರು ಇನ್ನೂ ಹಿಂದಕ್ಕೆ, ಮೆಸೊಪೊಟೇಮಿಯಾದ ಮಣ್ಣಿನ ಹಲಗೆಯ ಹೆಸರಿಗೆ ಹೋಗುತ್ತೆ. ‘ಕನ್ನಡ ಲಿಪಿ’ ಅಂತ ಎದೆ ಉಬ್ಬಿಸಿ ಹೇಳುವಾಗ ಅರ್ಧ ಪದ ಅಲ್ಲಿಂದ ಬಂದದ್ದು. ಇರ್ಲಿ, ತಪ್ಪೇನಿಲ್ಲ. ಹಾಗಾದ್ರೆ ನಮ್ಮ ಲಿಪಿನೂ ಅರಾಮಿಕ್‌ನಿಂದಲಾ? ಕನ್ನಡ ಬಂದಿದ್ದು ಬ್ರಾಹ್ಮಿಯಿಂದ, ಅದು ಖಚಿತ. ಬ್ರಾಹ್ಮಿ ಅರಾಮಿಕ್‌ನಿಂದ ಪ್ರೇರಣೆ ಪಡೀತಾ, ಇಲ್ಲೇ ಹುಟ್ಟಿತಾ ಅನ್ನೋದು ಮುಗಿಯದ ಜಗಳ. ಖರೋಷ್ಠಿ ಬಗ್ಗೆ ಆ ಅನುಮಾನ ಇಲ್ಲ, ಅಷ್ಟೇ ಇವತ್ತಿಗೆ ಸಾಕು.

ಅಲೆಕ್ಸಾಂಡರ್ ಬಂದು ಪರ್ಷಿಯನ್ ಸಾಮ್ರಾಜ್ಯ ಕೆಡವಿದ, ಕಚೇರಿಗೆ ಗ್ರೀಕ್ ಬಂತು. ಅರಾಮಿಕ್ ಸಾಯಲಿಲ್ಲ. 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಅಶೋಕನ ಒಂದು ಶಾಸನ ಬೆಳಕಿಗೆ ಬಂತು. ಒಂದೇ ಬಂಡೆ, ಮೇಲೆ ಗ್ರೀಕ್, ಕೆಳಗೆ ಅರಾಮಿಕ್. ಅಲೆಕ್ಸಾಂಡರ್ ಬಂದುಹೋಗಿ ಸುಮಾರು 70 ವರ್ಷ ಆದ್ಮೇಲಿನದು. ಪ್ರಾಣಿಹಿಂಸೆ ಬಿಟ್ಟಿದ್ದಾರೆ, ಬೇಟೆಗಾರರು, ಮೀನುಗಾರರು ಕೂಡ ನಿಲ್ಲಿಸಿದ್ದಾರೆ ಅನ್ನೋ ಮಾತು ಅದರಲ್ಲಿದೆ. ನಮ್ಮ ಅಕ್ಷರ ಗುಂಡು ಕೆತ್ತಿಸಿದ ಅದೇ ರಾಜ, ಅಲ್ಲಿನವರಿಗೆ ಅಲ್ಲಿನ ಭಾಷೆಯಲ್ಲಿ ಬರೆಸಿದ್ದ. ನಮಗೆ ಯಾಕೋ ಪ್ರಾಕೃತದಲ್ಲೇ ಬರೆಸಿದ. ಇದು ನನ್ನ ಸಣ್ಣ ಕಂಪ್ಲೇಂಟ್.

ಈಗ ಧರ್ಮದ ವಿಷಯ. ಕಚೇರಿಯಿಂದ ಹೊರಗೆ ಬಂದ ಅರಾಮಿಕ್ ಅಷ್ಟರಲ್ಲಿ ಜನರ ಮನೆಮಾತಾಗಿತ್ತು. ಯಹೂದಿಗಳೂ ದಿನನಿತ್ಯ ಅದನ್ನೇ ಮಾತಾಡ್ತಿದ್ರು. ಹೀಬ್ರೂ ಬೈಬಲ್‌ನ ದಾನಿಯೇಲ, ಎಜ್ರ ಗ್ರಂಥಗಳ ಕೆಲವು ಭಾಗ ಇರೋದೇ ಅರಾಮಿಕ್‌ನಲ್ಲಿ. ಎಜ್ರದಲ್ಲಿ ಆ ಭಾಗ ಏನು ಗೊತ್ತಾ? ಬಹುಪಾಲು ಸರ್ಕಾರಿ ಪತ್ರವ್ಯವಹಾರ! ಇವತ್ತು ನಾವು ಹೀಬ್ರೂ ಅಕ್ಷರ ಅಂತ ನೋಡೋ ಚೌಕಾಕಾರದ ಲಿಪಿ ಕೂಡ ಅರಾಮಿಕ್‌ನಿಂದ ಬಂದದ್ದು. ಬ್ಯಾಬಿಲೋನಿಯನ್ ತಾಲ್ಮುದ್ ಬಹುಪಾಲು ಅರಾಮಿಕ್. ಸತ್ತವರಿಗಾಗಿ ಯಹೂದಿಗಳು ಹೇಳೋ ಕದ್ದಿಶ್ ಪ್ರಾರ್ಥನೆಯೂ ಅರಾಮಿಕ್‌ನಲ್ಲೇ.

ಯೇಸು ಬೆಳೆದ ಗಲಿಲಾಯದಲ್ಲೂ ಅದೇ ಮಾತು. ಹೊಸ ಒಡಂಬಡಿಕೆ ಬರೆದಿದ್ದು ಗ್ರೀಕ್‌ನಲ್ಲಿ, ಆದ್ರೂ ಕೆಲವು ಅರಾಮಿಕ್ ಪದಗಳನ್ನ ಹಾಗೇ ಬಿಟ್ಟಿದ್ದಾರೆ. ‘ಅಬ್ಬ’ ಅಂತ ಒಂದು, ಅಂದ್ರೆ ತಂದೆ. ತಕ್ಷಣ ‘ಅರೇ, ನಮ್ಮ ಅಪ್ಪ!’ ಅಂತ ವಾಟ್ಸಾಪ್ ಸ್ಟೇಟಸ್ ಹಾಕ್ಬೇಡಿ. ಅಪ್ಪ ದ್ರಾವಿಡ ಪದ, ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಕೇಳೋಕೆ ಒಂದೇ ಥರ ಅಷ್ಟೇ. ಶಿರಾದಲ್ಲಿ ನನ್ನ ಸ್ನೇಹಿತ ಅವರ ತಂದೆಯನ್ನ ‘ಅಬ್ಬಾ’ ಅಂತ ಕರೀತಾನಲ್ಲ, ಅದು ನಿಜವಾದ ನೆಂಟ. ಅರಬಿ ಮತ್ತು ಅರಾಮಿಕ್ ಒಂದೇ ಕುಟುಂಬದ ಭಾಷೆಗಳು. ಅರಬಿ ಲಿಪಿ ಬಂದಿರೋದೂ ಅರಾಮಿಕ್‌ನ ನಬಾತಿಯನ್ ಕವಲಿನಿಂದ. 1696ರಲ್ಲಿ ಕಟ್ಟಿದ ಶಿರಾದ ಜಾಮಿಯಾ ಮಸೀದಿ ಮುಂದೆ ನಿಂತು ಬಲದಿಂದ ಎಡಕ್ಕೆ ಓಡೋ ಅಕ್ಷರ ನೋಡಿದ್ರೆ, ಅದು ಚಪಡನ ಐದಕ್ಷರಕ್ಕೆ ದೂರದ ದಾಯಾದಿ.

ಕ್ರೈಸ್ತರಲ್ಲಿ ಅರಾಮಿಕ್‌ನ ಒಂದು ರೂಪ ದೊಡ್ಡದಾಗಿ ಬೆಳೀತು. ಎಡೆಸ್ಸಾ, ಅಂದ್ರೆ ಈಗಿನ ಟರ್ಕಿಯ ಉರ್ಫಾ ಕಡೆಯದು, ಹೆಸರು ಸಿರಿಯಾಕ್. ವ್ಯಾಪಾರದ ದಾರಿಯಲ್ಲಿ ಅದು ಕೇರಳಕ್ಕೆ ಬಂತು. ಕೇರಳದ ‘ಸಿರಿಯನ್ ಕ್ರಿಶ್ಚಿಯನ್’ ಅನ್ನೋ ಹೆಸರಿಗೆ ಅರ್ಥ ಇದು. ಸಿರಿಯಾದಿಂದ ಬಂದೋರು ಅಂತಲ್ಲ, ಸಿರಿಯಾಕ್‌ನಲ್ಲಿ ಪೂಜೆ ಮಾಡೋರು ಅಂತ. ಅಲ್ಲಿಂದ ವಲಸೆ ಬಂದ ಕುಟುಂಬಗಳು ನಮ್ಮ ಮಲೆನಾಡು, ದಕ್ಷಿಣ ಕನ್ನಡದಲ್ಲಿ ತುಂಬಾ ಇವೆ. ಬೆಳ್ತಂಗಡಿಯಲ್ಲಿ 1999ರಿಂದ ಅವರದ್ದೇ ಒಂದು ಧರ್ಮಪ್ರಾಂತ್ಯ ಇದೆ. ಉಡುಪಿ ಹತ್ರ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡೋ ಒಂದು ಸಮುದಾಯ 19ನೇ ಶತಮಾನದ ಕೊನೆಗೆ ಇದೇ ಸಿರಿಯನ್ ಪರಂಪರೆಗೆ ಸೇರ್ತು. ಅವರ ಪೂಜೆಯ ಹೆಸರು ಕುರ್ಬಾನ. ಬಕ್ರೀದ್‌ನ ಕುರ್ಬಾನಿ ನೆನಪಾಯ್ತಾ? ಎರಡಕ್ಕೂ ಬೇರು ಒಂದೇ, ‘ಹತ್ತಿರವಾಗು’ ಅನ್ನೋ ಅರ್ಥದ್ದು. ದೇವರ ಹತ್ತಿರ ಒಯ್ಯೋ ಅರ್ಪಣೆ.

ಆದ್ರೆ ಅರ್ಥ ಗೊತ್ತಿಲ್ದೆ ಪ್ರಾರ್ಥನೆ ಮಾಡೋದು ಎಷ್ಟು ದಿನ? ಸಿರೋ ಮಲಬಾರ್ ಚರ್ಚ್ 1962ರಲ್ಲಿ ಸಿರಿಯಾಕ್ ಬದಲು ಮಲಯಾಳಂ ಪೂಜೆಗೆ ಬಂತು. ಜನಕ್ಕೆ ಅರ್ಥ ಆಯ್ತು, ಹಳೇ ಭಾಷೆ ಕಿವಿಯಿಂದ ದೂರ ಆಯ್ತು. ಯಾವುದು ಸರಿ ಅಂತ ತೀರ್ಪು ಕೊಡೋಕೆ ನಾನ್ಯಾರು? ಅಜ್ಜಿಯ ಹೆಬ್ಬೆಟ್ಟು ನೆನೆಸ್ಕೊಂಡ್ರೆ ಮಾತ್ರ, ಅರ್ಥ ಆಗೋ ಕಡೆಗೆ ನನ್ನ ಓಟು.

ಅರಾಮಿಕ್ ಇನ್ನೂ ಬದುಕಿದೆ. 7ನೇ ಶತಮಾನದ ನಂತರ ಅರಬಿ ಅದರ ಜಾಗ ತಗೊಳ್ತಾ ಬಂತು, ಅದು ಬೆಟ್ಟದೂರುಗಳಿಗೆ, ಹಳ್ಳಿಗಳಿಗೆ ಸರೀತು. ಸಿರಿಯಾದ ಮಾಲೂಲದಲ್ಲಿ ಕ್ರೈಸ್ತರು ಅದನ್ನ ಮಾತಾಡ್ತಾರೆ, ಪಕ್ಕದ ಜುಬ್ಬದೀನ್‌ನಲ್ಲಿ ಮುಸ್ಲಿಮರು ಮಾತಾಡ್ತಾರೆ. ಹೌದು, ಮುಸ್ಲಿಮರೂ. 2013ರ ಸೆಪ್ಟೆಂಬರ್‌ನಲ್ಲಿ ಯುದ್ಧ ಮಾಲೂಲಕ್ಕೆ ಬಂದಾಗ ಜನ ಊರು ಬಿಟ್ಟು ಓಡಿದ್ರು. 2014ರ ಆಗಸ್ಟ್‌ನಲ್ಲಿ ಇರಾಕ್‌ನ ಕರಾಕೋಷ್ ಐಸಿಸ್ ಕೈಗೆ ಬಿತ್ತು. ಅಲ್ಲಿನವರದ್ದೂ ಅರಾಮಿಕ್‌ನ ಇವತ್ತಿನ ರೂಪವೇ. ಒಂದಷ್ಟು ಜನ ವಾಪಸ್ ಬಂದ್ರು, ಎಷ್ಟೋ ಜನ ಬರಲಿಲ್ಲ. ಇವತ್ತು ಸ್ವೀಡನ್‌ನ ಸೋಡರ್‌ಟೇಲ್ಯೆ ಅನ್ನೋ ಊರಲ್ಲಿ ಈ ಭಾಷೆಯವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸುಮಾರು 2,700 ವರ್ಷದ ಹಿಂದೆ ಎತ್ತಂಗಡಿ ಈ ಭಾಷೆಯನ್ನ ಹರಡಿತ್ತು. ಆಗ ಅದರ ಹಿಂದೆ ಕಚೇರಿ ಇತ್ತು, ಕೆಲಸ ಇತ್ತು. ಈಗ ಸ್ವೀಡನ್‌ನಲ್ಲಿ ಮಗು ಶಾಲೆಗೆ ಹೋದ್ರೆ ಸ್ವೀಡಿಷ್, ಮನೆಗೆ ಬಂದ್ರೆ ಅಜ್ಜಿ ಇದ್ರೆ ಮಾತ್ರ ಅರಾಮಿಕ್.

ಬ್ರಹ್ಮಗಿರಿಗೆ ಹೋಗೋರಿಗೆ ಒಂದು ಮಾತು. ಬಂಡೆಗೆ ರಕ್ಷಣೆಗೆ ಅಂತ ಚಾವಣಿ ಕಟ್ಟಿದ್ದಾರೆ. ಅಕ್ಷರ ಸವೆದಿವೆ, ನೇರ ಬೆಳಕಲ್ಲಿ ಏನೂ ಕಾಣಲ್ಲ, ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡೀರಿ. ಸೀಮೆಸುಣ್ಣ ಹಚ್ಚಬೇಡಿ, ನೀರು ಸುರೀಬೇಡಿ. ಮೊದಲ ಸಾಲು ಬಿಟ್ಟು ಸೀದಾ ಕೊನೇ ಸಾಲಿಗೆ ಬನ್ನಿ. ಅಲ್ಲಿ ಚಪಡನ ಐದಕ್ಷರ ಸಿಗುತ್ತೆ, ಬಲಗಡೆಯಿಂದ ಓದ್ಕೊಂಡು ಬನ್ನಿ.